ಓದುಗರ ಪ್ರಶ್ನೆ: ರಟ್ಟೆಯ ಕರೆಂಟಿಗೆ ಕುಣಿಯುವ ರೋಬೋಟು

ಎರಡು ಸಂಚಿಕೆಯ ಹಿಂದೆ ಮೈಮೇಲೆ ತೊಟ್ಟುಕೊಳ್ಳುವ ರೋಬೋಟುಗಳ ಬಗ್ಗೆ ಇಲ್ಲಿ ನಾಲ್ಕು ಸಾಲು ಬರೆದಿದ್ದೆ. ಸ್ನಾಯುವಿನಿಂದ ಬರುವ ಸಣ್ಣ ಕರೆಂಟನ್ನು ಕಂಪ್ಯೂಟರ್ ಮಷೀನ್ ಲರ್ನಿಂಗ್ (ಉದಾಹರಣೆ ನೋಡಿ ನೋಡಿ ತಾನೇ ಕಲಿಯುವ ವಿಧಾನ) ಬಳಸಿ ಓದಿ ಮೋಟಾರು ತಿರುಗಿಸುತ್ತದೆ ಅಂತ ಅದರಲ್ಲಿ ಒಂದು ವಾಕ್ಯ ಇತ್ತು. ಆ ಒಂದು ವಾಕ್ಯಕ್ಕೇ ಅಷ್ಟೊಂದು ಪ್ರಶ್ನೆ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ನಾನು ದೊಡ್ಡ ಶೋಧನೆಯನ್ನೇನೂ ಮಾಡಿದವನಲ್ಲ. ಜನರ ಕೈಕಾಲಿಗೆ ಎಲೆಕ್ಟ್ರೋಡ್ (ಚರ್ಮದ ಮೇಲೆ ಕರೆಂಟು ಹಿಡಿಯುವ ಬಿಲ್ಲೆ) ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು, ಇದರಲ್ಲೇ ವರ್ಷಗಳು ಕಳೆದವು. ಉತ್ತರಗಳಲ್ಲಿ ಸಾಫ್ಟ್‌ವೇರ್‌ಗಿಂತ ಚರ್ಮದ ಮಾತೇ ಜಾಸ್ತಿ ಬಂದರೆ ಅದೇ ಕಾರಣ.

ಪ್ರಶ್ನೆ: ಜಪಾನಿನಲ್ಲಿ ನಡೆಯಲಾಗದವರಿಗೆ ಒಂದು ರೋಬೋಟ್ ಸೂಟು ತೊಡಿಸಿದ ವಿಡಿಯೋ ನೋಡಿದೆ. ಕಾಲೆತ್ತಬೇಕು ಅಂದುಕೊಂಡರೆ ಸಾಕು, ಅದು ಎತ್ತುತ್ತದಂತೆ. ಮನಸ್ಸನ್ನು ಓದುವುದು ನಿಜವೇ? (ದಾವಣಗೆರೆಯ ಶಿಕ್ಷಕರೊಬ್ಬರು)

ಮನಸ್ಸನ್ನಲ್ಲ ಸರ್, ತೊಡೆಯನ್ನು ಓದುತ್ತದೆ. ನೀವು ನೋಡಿದ್ದು ಬಹುಶಃ ಹ್ಯಾಲ್ ಎಂಬ ಸೂಟು. ತ್ಸುಕುಬಾ ವಿಶ್ವವಿದ್ಯಾಲಯದ ಯೋಶಿಯುಕಿ ಸಂಕಾಯ್ ಇದನ್ನು ರೂಪಿಸಿದವರು. 2004ರಲ್ಲಿ ಸೈಬರ್‌ಡೈನ್ ಎಂಬ ಕಂಪನಿಯನ್ನೂ ಶುರು ಮಾಡಿದರು. ಸೊಂಟ ಮತ್ತು ಮಂಡಿಯ ಪಕ್ಕದಲ್ಲಿ ಮೋಟಾರು, ಚರ್ಮದ ಮೇಲೆ ನಾಣ್ಯದಷ್ಟಗಲದ ಎಲೆಕ್ಟ್ರೋಡುಗಳು. ಕಣ್ಣಿಗೆ ಕಾಣುವುದು ಇಷ್ಟೇ.

ಒಳಗೆ ನಡೆಯುವುದು ಹೀಗೆ. ಕಾಲೆತ್ತಬೇಕು ಅಂದಾಗ ಮಿದುಳಿನ ಅಪ್ಪಣೆ ಬೆನ್ನುಹುರಿ ಇಳಿದು, ನರ ಹಿಡಿದು ಸ್ನಾಯುವಿಗೆ ಬರುತ್ತದೆ. ತೊಡೆಯಂಥ ಜಾಗದಲ್ಲಿ ಒಂದೊಂದು ನರಕೋಶದ ಕೈಕೆಳಗೆ ನೂರಾರು ಸ್ನಾಯು ಎಳೆಗಳಿರುತ್ತವೆ. ಕೋಶ ಒಮ್ಮೆ ಮಿಡಿದರೆ ಅಷ್ಟೂ ಎಳೆಗಳಲ್ಲಿ ಸಣ್ಣದೊಂದು ಕರೆಂಟಿನ ಅಲೆ ಓಡುತ್ತದೆ. ಅದರ ಚೂರುಪಾರು ಕೊಬ್ಬು, ಚರ್ಮ ದಾಟಿ ಮೇಲಕ್ಕೂ ಬರುತ್ತದೆ. ಎಷ್ಟು ಅಂದರೆ, ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಇದೆಯಲ್ಲ, 1.5 ವೋಲ್ಟಿನದು, ಅದರ ಸಾವಿರದಲ್ಲಿ ಒಂದು ಪಾಲು. ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಇದನ್ನು ಹಿಡಿದು ದೊಡ್ಡದು ಮಾಡಿ ನೋಡುವುದಕ್ಕೇ ಇಎಂಜಿ ಅನ್ನುತ್ತಾರೆ. ಹೃದಯಕ್ಕೆ ಇಸಿಜಿ ಇದ್ದ ಹಾಗೆ ಸ್ನಾಯುವಿಗೆ ಇದು.

ಇಲ್ಲಿ ಎರಡು ಸಂಗತಿ ಯಂತ್ರದ ಪರವಾಗಿವೆ. ಒಂದು, ಕರೆಂಟು ಮೊದಲು ಬರುತ್ತದೆ, ಬಲ ಆಮೇಲೆ. ನಡುವೆ ಸುಮಾರು 30ರಿಂದ 100 ಮಿಲಿಸೆಕೆಂಡಿನ ಅಂತರ. ನಮಗೆ ಅದು ಲೆಕ್ಕಕ್ಕೇ ಇಲ್ಲ, ಕಂಪ್ಯೂಟರಿಗೆ ಮಾತ್ರ ಧಾರಾಳ ಸಮಯ. ಕಾಲು ಅಲುಗುವ ಮುಂಚೆಯೇ ಅದಕ್ಕೆ ಸುದ್ದಿ ಸಿಕ್ಕಿರುತ್ತದೆ. ಎರಡನೆಯದು, ಕಾಲೆತ್ತುವಷ್ಟು ಶಕ್ತಿ ಇಲ್ಲದ ಸ್ನಾಯುವಿನಲ್ಲೂ ಕರೆಂಟು ಇರಬಹುದು. ಹೊರಗಿನಿಂದ ನೋಡಿದರೆ ಕಾಲು ಕದಲುವುದೇ ಇಲ್ಲ, ಪರದೆಯಲ್ಲಿ ಮಾತ್ರ ಗೆರೆ ನಡುಗುತ್ತಿರುತ್ತದೆ. ಮೊದಲ ಸಲ ಇದನ್ನು ಕಂಡ ರೋಗಿಯ ಮುಖ ನೋಡಬೇಕು ನೀವು! ಆ ನಡುಕವನ್ನೇ ಅಪ್ಪಣೆ ಅಂತ ತಿಳಿದು ಸೂಟು ಮಂಡಿ ಬಿಚ್ಚುತ್ತದೆ. ನರ, ಸ್ನಾಯುಗಳು ಕ್ರಮೇಣ ಸೊರಗುವ ಎಎಲ್‌ಎಸ್, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಎಂಟು ಕಾಯಿಲೆಗಳ ಚಿಕಿತ್ಸೆಗೆ ಜಪಾನ್ ಸರ್ಕಾರ ಇದಕ್ಕೆ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ತೊಟ್ಟುಕೊಂಡು ಸಂತೆಗೆ ಹೋಗುವ ಸೂಟಲ್ಲ ಅದು. ಆಸ್ಪತ್ರೆಯಲ್ಲಿ, ಥೆರಪಿಸ್ಟ್ ಪಕ್ಕದಲ್ಲಿದ್ದಾಗ ತೊಡುವಂಥದ್ದು. ವಿಡಿಯೋಗಳಲ್ಲಿ ಈ ಮಾತು ಹೇಳುವುದು ಕಡಿಮೆ.

ಪ್ರಶ್ನೆ: ಇಷ್ಟಕ್ಕೆಲ್ಲ ಮಷೀನ್ ಲರ್ನಿಂಗ್ ಯಾಕೆ ಸ್ವಾಮಿ? ಒಂದು ಸ್ವಿಚ್ ಇಟ್ಟರೆ ಆಗಲ್ವಾ? ಈಗ ಯಾವುದಕ್ಕೆ ನೋಡಿದರೂ ಎಐ ಅಂಟಿಸುತ್ತಾರೆ. (ಮಂಡ್ಯ)

ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಸ್ನಾಯುವಿನ ಕರೆಂಟಿನಿಂದ ಓಡುವ ಕೃತಕ ಕೈ, ಎಐ ಎಂಬ ಹೆಸರು ಹುಟ್ಟುವ ಮುಂಚೆಯೇ ಇತ್ತು. 1940ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ರೈನ್‌ಹೋಲ್ಡ್ ರೈಟರ್ ಎಂಬುವರು ಒಂದು ಮಾಡಿದ್ದರು. ಆಗಿನದು ವಾಲ್ವ್ ರೇಡಿಯೋ ಕಾಲ. ಆ ಯಂತ್ರ ಹೊತ್ತು ತಿರುಗುವಂಥದ್ದಾಗಿರಲಿಲ್ಲ. 1960ರ ಹೊತ್ತಿಗೆ ಸೋವಿಯತ್ ಒಕ್ಕೂಟದ ಕೋಬ್ರಿನ್ಸ್ಕಿ ತಂಡ ಟ್ರಾನ್ಸಿಸ್ಟರ್ ಬಳಸಿ ನಿಜಕ್ಕೂ ತೊಡಬಹುದಾದ ಕೈ ಕಟ್ಟಿತು. ಎರಡು ಎಲೆಕ್ಟ್ರೋಡ್ ಜಾಗ. ಒಂದು ಕಡೆ ಬಿಗಿದರೆ ಮುಷ್ಟಿ ಮುಚ್ಚುತ್ತದೆ, ಇನ್ನೊಂದು ಕಡೆ ಬಿಗಿದರೆ ಬಿಚ್ಚುತ್ತದೆ. ನೀವು ಹೇಳಿದ ಸ್ವಿಚ್ಚೇ ಅದು, ಇವತ್ತಿಗೂ ಚೆನ್ನಾಗಿ ಓಡುತ್ತಿದೆ.

ತೊಂದರೆ ಬರುವುದು ಮೂರನೇ ಕೆಲಸಕ್ಕೆ. ಮುಷ್ಟಿ ಮುಚ್ಚಿ ಬಿಚ್ಚಿದ್ದಾಯಿತು, ಈಗ ಮಣಿಕಟ್ಟು ತಿರುಗಿಸಬೇಕು. ಸ್ವಿಚ್ ಎರಡೇ. ಹಾಗಾಗಿ ಎರಡೂ ಸ್ನಾಯುಗಳನ್ನು ಒಟ್ಟಿಗೆ ಬಿಗಿದು ಗೇರ್ ಬದಲಿಸಬೇಕು, ಆಮೇಲೆ ತಿರುಗಿಸಬೇಕು, ಮತ್ತೆ ಗೇರ್ ಬದಲಿಸಬೇಕು. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಸಾಕಪ್ಪಾ ಸಾಕು ಅನ್ನಿಸುತ್ತದೆ. ಆದರೆ ಮುಂಗೈಯಲ್ಲಿ ಸುಮಾರು ಇಪ್ಪತ್ತು ಸ್ನಾಯು ಒಂದರ ಮೇಲೊಂದು ಒತ್ತಿಕೊಂಡಿವೆ. ಒಂದೊಂದಕ್ಕೂ ಒಂದೊಂದು ಕೆಲಸ. ಸುತ್ತ ಎಂಟು ಎಲೆಕ್ಟ್ರೋಡ್ ಕಟ್ಟಿದರೆ ಎಂಟಕ್ಕೂ ಎಲ್ಲರ ಗಲಾಟೆಯೂ ಕೇಳುತ್ತದೆ, ಸಂತೆಯ ಸುತ್ತ ಎಂಟು ಮೈಕ್ ಇಟ್ಟ ಹಾಗೆ. ಇದು ಕಿರುಬೆರಳಿನ ದನಿ, ಇದು ಹೆಬ್ಬೆರಳಿನದು ಅಂತ ಬಿಡಿಸಿ ಹೇಳುವ ನೇರ ಸೂತ್ರ ಯಾರ ಬಳಿಯೂ ಇಲ್ಲ.

ಅಡುಗೆಮನೆಯಲ್ಲಿ ಕೂತೇ ಗೇಟಿನ ಸದ್ದಿನಲ್ಲಿ ಬಂದವರು ಯಾರು ಅಂತ ಹೇಳುವ ಅಜ್ಜಿಯರು ಇರುತ್ತಾರಲ್ವಾ? ಅವರಿಗೆ ಶಬ್ದಶಾಸ್ತ್ರ ಗೊತ್ತಿಲ್ಲ. ಸಾವಿರ ಸಲ ಕೇಳಿದ್ದಾರೆ, ಅಷ್ಟೆ. ಮಷೀನ್ ಲರ್ನಿಂಗ್ ಮಾಡುವುದು ಅದನ್ನೇ. ಮುಷ್ಟಿ ಹಿಡಿ, ಬಿಡು, ಚಿಟಿಕೆ ಹಿಡಿ, ಮಣಿಕಟ್ಟು ತಿರುಗಿಸು ಅಂತ ಹಲವು ಸಲ ಮಾಡಿಸಿ, ಎಂಟೂ ಮೈಕಿನ ಸದ್ದು ಪ್ರತಿಸಲ ಹೇಗಿತ್ತು ಅಂತ ನೆನಪಿಡುತ್ತದೆ. 1993ರಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದ ಬರ್ನಾರ್ಡ್ ಹಡ್ಜಿನ್ಸ್ ತಂಡ ಇದಕ್ಕೊಂದು ಚಂದದ ದಾರಿ ತೋರಿಸಿತು. ಸಿಗ್ನಲನ್ನು ಸೆಕೆಂಡಿನ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಕೆಲವೇ ಲೆಕ್ಕ ತೆಗೆಯುವುದು. ಸರಾಸರಿ ಎಷ್ಟು ಜೋರಿದೆ, ಸೊನ್ನೆಯ ಗೆರೆಯನ್ನು ಎಷ್ಟು ಸಲ ದಾಟಿತು, ಏರು ಇಳಿತ ಎಷ್ಟು ಸಲ ತಿರುಗಿತು, ಗೆರೆಯನ್ನು ಹಗ್ಗದಂತೆ ಎಳೆದು ನೇರ ಮಾಡಿದರೆ ಎಷ್ಟುದ್ದ ಆಗುತ್ತದೆ. ಹೈಸ್ಕೂಲು ಹುಡುಗರೂ ಮಾಡಬಹುದಾದ ಲೆಕ್ಕ. ಮೂವತ್ತು ವರ್ಷ ದಾಟಿದರೂ ಈಗಲೂ ಇದನ್ನೇ ಬಳಸುತ್ತಾರೆ. ಹೊಸ ದೊಡ್ಡ ನ್ಯೂರಲ್ ನೆಟ್‌ವರ್ಕ್ (ಮಿದುಳಿನ ಕೋಶಗಳ ಜಾಲದ ಮಾದರಿಯ ಪ್ರೋಗ್ರಾಂ) ತಂದವರು ಮೊದಲು ಇದನ್ನು ಸೋಲಿಸಿ ತೋರಿಸಬೇಕು. ಎಷ್ಟೋ ಸಲ ಸೋಲಿಸುವ ಅಂತರ ಕೂದಲೆಳೆಯಷ್ಟು.

ಕೈಯೇ ಇಲ್ಲದವರಿಗೆ ಏನು ಮಾಡುವುದು ಅಂತ ಕೇಳಬಹುದು. ಅಮೆರಿಕದ ಜೆಸ್ಸಿ ಸಲಿವನ್ ವಿದ್ಯುತ್ ಲೈನ್‌ಮನ್ ಆಗಿದ್ದವರು. 2001ರಲ್ಲಿ ಶಾಕ್ ಹೊಡೆದು ಎರಡೂ ಕೈ ಕಳೆದುಕೊಂಡರು. ಶಿಕಾಗೋದ ಡಾಕ್ಟರ್ ಟಾಡ್ ಕುಯ್ಕೆನ್ ತಂಡ, ಅವರ ಕೈಗೆ ಹೋಗುತ್ತಿದ್ದ ನರಗಳನ್ನು ಎದೆಯ ಸ್ನಾಯುವಿಗೆ ಜೋಡಿಸಿತು. ಆಮೇಲೆ ಅವರು ಮುಷ್ಟಿ ಮುಚ್ಚಬೇಕು ಅಂದುಕೊಂಡರೆ ಎದೆಯ ಸ್ನಾಯು ಮಿಡಿಯುತ್ತಿತ್ತು, ಅಲ್ಲಿ ಅಂಟಿಸಿದ ಎಲೆಕ್ಟ್ರೋಡು ಅದನ್ನು ಕೇಳಿಸಿಕೊಂಡು ಕೃತಕ ಕೈಗೆ ಹೇಳುತ್ತಿತ್ತು. ನಿಮ್ಮ ಸ್ವಿಚ್ಚನ್ನು ಇಲ್ಲಿ ಎಲ್ಲಿಡುತ್ತೀರಿ, ಹೇಳಿ?

ಪ್ರಶ್ನೆ: ಈ ಎಲೆಕ್ಟ್ರೋಡುಗಳಿಂದ ಶಾಕ್ ಹೊಡೆಯುತ್ತದೆಯೇ? (ತುಮಕೂರು)

ಇಲ್ಲ. ಇವು ಕೇಳಿಸಿಕೊಳ್ಳುವ ಕಿವಿ, ಕರೆಂಟು ಕೊಡುವುದಿಲ್ಲ. ಫಿಸಿಯೋಥೆರಪಿಯಲ್ಲಿ ಜುಮುಜುಮು ಅನ್ನಿಸುವುದು ಬೇರೆ ಯಂತ್ರ, ಅದು ಕರೆಂಟು ಕೊಡುತ್ತದೆ. ಮನೆಯಲ್ಲೇ ಸರ್ಕ್ಯೂಟ್ ಕಟ್ಟುವ ಹುಡುಗರಿಗೆ ಮಾತ್ರ ಒಂದು ಎಚ್ಚರಿಕೆ: ಬ್ಯಾಟರಿಯಲ್ಲೇ ಓಡಿಸಿ. ಮೈಗೆ ವೈರ್ ಅಂಟಿಸಿಕೊಂಡು ಗೋಡೆಯ ಪ್ಲಗ್ಗಿಗೆ ಏನನ್ನೂ ಸಿಕ್ಕಿಸಬೇಡಿ.

ಪ್ರಶ್ನೆ: ಕೊನೇ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಇಎಂಜಿಯಿಂದ ಓಡುವ ಕೈಗವಸು ಮಾಡಿದ್ದೇವೆ. ಲ್ಯಾಪ್‌ಟಾಪಿನಲ್ಲಿ 98 ಶೇಕಡಾ ಸರಿಯಾಗಿ ಗುರುತಿಸುತ್ತಿತ್ತು. ಪರೀಕ್ಷಕರ ಮುಂದೆ ಒಂದೂ ಸರಿ ಬರಲಿಲ್ಲ. ಎಲ್ಲಿ ತಪ್ಪಿದೆವು? (ಹುಬ್ಬಳ್ಳಿ)

ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದೇ ಏಟು ನಾನೂ ತಿಂದಿದ್ದೇನೆ. ಒಂದು ಕಾಲೇಜಿನ ಪ್ರದರ್ಶನಕ್ಕೆ ನಾವೊಂದು ರೋಬೋಟ್ ಕೈ ತೆಗೆದುಕೊಂಡು ಹೋಗಿದ್ದೆವು. ಲ್ಯಾಬಿನಲ್ಲಿ ಹೇಳಿದ ಹಾಗೆ ಕೇಳುತ್ತಿದ್ದ ಕೈ ಅಲ್ಲಿ ಮುಷ್ಟಿ ಬಿಗಿದು ಕೂತಿತು, ಬಿಚ್ಚಲೇ ಇಲ್ಲ. ಕೈ ಕುಲುಕಲು ಬಂದ ಮುಖ್ಯ ಅತಿಥಿಗಳು ಆ ಮುಷ್ಟಿಗೇ ಒಂದು ನಮಸ್ಕಾರ ಹಾಕಿ ಮುಂದೆ ಹೋದರು. ಎಲ್ಲರೂ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಿದ್ದೆವು. ಕೊನೆಗೆ ಯಾರೋ ಮೊಬೈಲ್ ಚಾರ್ಜ್ ಮಾಡಬೇಕು ಅಂತ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರು. ತಕ್ಷಣ ಬೆರಳು ಬಿಚ್ಚಿದವು! ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಸ್ನಾಯುವಿನ ಸಿಗ್ನಲ್ ಇರುವುದೇ ಸುಮಾರು 20ರಿಂದ 450 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲದ ಹೊಯ್ದಾಟ) ನಡುವೆ. ಅಂದರೆ ಟ್ಯೂಬ್‌ಲೈಟು, ಫ್ಯಾನು, ಚಾರ್ಜರ್‌ಗಳ ಗುಂಯ್‌ಗುಡುವಿಕೆ ನಮ್ಮ ಅಂಗಳದಲ್ಲೇ ಬಂದು ಕೂತಿದೆ. ಹೊರಗಟ್ಟುವ ಫಿಲ್ಟರ್ ಇದೆ, ಆದರೆ ಎಲೆಕ್ಟ್ರೋಡ್ ಸಡಿಲಾದರೆ ಯಾವ ಫಿಲ್ಟರೂ ಸಾಲದು.

ನಿಮ್ಮ 98ಕ್ಕೆ ಬರೋಣ. ನೀವು ಕಳಿಸಿದ ವಿವರದಲ್ಲಿ ಒಂದು ಕಡೆ ನನ್ನ ಕಣ್ಣು ನಿಂತಿತು. 200 ಮಿಲಿಸೆಕೆಂಡಿನ ತುಂಡು ಮಾಡಿದ್ದೀರಿ, 50 ಮಿಲಿಸೆಕೆಂಡು ಸರಿಸಿ ಮುಂದಿನ ತುಂಡು. ಹಾಗಾದರೆ ಅಕ್ಕಪಕ್ಕದ ಎರಡು ತುಂಡುಗಳಲ್ಲಿ ಮುಕ್ಕಾಲು ಪಾಲು ಒಂದೇ ಡೇಟಾ. ಆಮೇಲೆ ಎಲ್ಲವನ್ನೂ ಇಸ್ಪೀಟಿನಂತೆ ಕಲೆಸಿ, ಎಂಬತ್ತು ಪಾಲು ಕಲಿಸಲು, ಇಪ್ಪತ್ತು ಪಾಲು ಪರೀಕ್ಷೆಗೆ ಅಂತ ಹಂಚಿದ್ದೀರಿ. ಪ್ರಶ್ನೆಪತ್ರಿಕೆಯ ಮುಕ್ಕಾಲು ಭಾಗ ಮೊದಲೇ ತೋರಿಸಿ ಪರೀಕ್ಷೆ ಬರೆಸಿದ ಹಾಗಾಯಿತಲ್ಲ! ನೀವು ಮೋಸ ಮಾಡಲಿಲ್ಲ, ಮೋಸ ಹೋದಿರಿ. ಸೋಮವಾರದ ಡೇಟಾದಲ್ಲಿ ಕಲಿಸಿ, ಎಲೆಕ್ಟ್ರೋಡ್ ಕಿತ್ತು, ಸ್ನಾನ ಮಾಡಿ, ಮಂಗಳವಾರ ಮತ್ತೆ ಅಂಟಿಸಿ ಪರೀಕ್ಷಿಸಿ. ಆಗ ಬರುವ ಅಂಕವೇ ನಿಮ್ಮ ನಿಜವಾದ ಅಂಕ. ಕಡಿಮೆ ಬರುತ್ತದೆ. ಬರಲಿ, ಅದನ್ನೇ ವರದಿಯಲ್ಲಿ ಬರೆಯಿರಿ. ತಿಳಿದವರು ಮೆಚ್ಚುತ್ತಾರೆ.

ಇನ್ನು ಚರ್ಮದ ಕಥೆ. ಎಲೆಕ್ಟ್ರೋಡ್ ಒಂದು ಸೆಂಟಿಮೀಟರು ಸರಿದರೆ ಕೆಳಗಿನ ಸ್ನಾಯುವಿನ ದನಿ ಬದಲಾಗುತ್ತದೆ, ಅಜ್ಜಿಗೆ ಬೇರೆ ಮನೆಯ ಗೇಟು ಕೇಳಿಸಿದ ಹಾಗೆ. ಅಂಟಿಸಿದ ಜಾಗಕ್ಕೆ ಬಾಲ್‌ಪೆನ್ನಿನಲ್ಲಿ ಗುರುತು ಮಾಡಿ. ಕೂದಲಿದ್ದರೆ ಬ್ಲೇಡಿನಲ್ಲಿ ಮೆಲ್ಲಗೆ ತೆಗೆಯಿರಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಲು ಬಿಡಿ. ಅವಸರದಲ್ಲಿ ಹಸಿಯಾಗಿದ್ದಾಗಲೇ ಅಂಟಿಸುವವರೇ ಜಾಸ್ತಿ. ನೀವು ಮೇಜಿನ ಮೇಲೆ ಮೊಣಕೈ ಊರಿ ಕಲಿಸಿದ್ದೀರಿ, ಪರೀಕ್ಷಕರ ಮುಂದೆ ನಿಂತು ತೋರಿಸಿದ್ದೀರಿ. ಕೈ ಇರುವ ಭಂಗಿ ಬದಲಾದರೆ ಅದೇ ಮುಷ್ಟಿಗೆ ಬೇರೆ ಸಿಗ್ನಲ್ ಬರುತ್ತದೆ. ಹಾಗಾಗಿ ಕೂತು, ನಿಂತು, ಕೈ ಮೇಲೆತ್ತಿ, ಇಳಿಬಿಟ್ಟು, ಎಲ್ಲದರಲ್ಲೂ ಕಲಿಸಬೇಕು. ಪರೀಕ್ಷೆಯ ಭಯಕ್ಕೆ ಬೆವರು ಬೇರೆ ಬಂದಿರುತ್ತದೆ. ಸ್ನಾಯು ದಣಿದರೆ ಸಿಗ್ನಲ್ಲಿನ ವೇಗದ ಭಾಗ ಕುಗ್ಗಿ ನಿಧಾನದ ಭಾಗ ಹಿಗ್ಗುತ್ತದೆ. ಅದೂ ಕಂಪ್ಯೂಟರಿಗೆ ಹೊಸ ಭಾಷೆಯೇ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ತಂದ ಮಾಡ್ಯೂಲಿನ ಫೋಟೋ ಕಳಿಸಿದ್ದೀರಿ, ಎಡಿ8232 ಅದು. ಹೃದಯದ ಇಸಿಜಿಗೆ ಅಂತ ಮಾಡಿದ ಬೋರ್ಡು. ಸುಮಾರು 40 ಹರ್ಟ್ಜ್‌ಗಿಂತ ಮೇಲಿನದನ್ನು ಅದು ಬಿಡುವುದೇ ಇಲ್ಲ. ಸ್ನಾಯುವಿನ ಮುಖ್ಯ ಭಾಗವನ್ನು ಬಾಗಿಲಲ್ಲೇ ತಡೆದು, ಉಳಿದದ್ದರಲ್ಲಿ ಕಲಿಯೋ ಅಂದರೆ ಪಾಪ ಅದೇನು ಮಾಡೀತು! ಸ್ನಾಯುವಿಗೆಂದೇ ಮಾಡಿದ ಬೋರ್ಡುಗಳು ನಮ್ಮ ದೇಶದಲ್ಲೇ ಸಿಗುತ್ತವೆ, ಅದನ್ನು ಕೊಳ್ಳಿ. ಮೊದಲು ಬೇರೆಯವರ ಡೇಟಾದಲ್ಲಿ ಕೈ ಪಳಗಿಸಿಕೊಳ್ಳಬೇಕು ಅಂದರೆ ನಿನಾಪ್ರೋ ಅಂತ ಒಂದು ಸಂಗ್ರಹ ಇದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು ಮುಂದಾಳತ್ವ ವಹಿಸಿ ಮಾಡಿದ್ದು. 2014ರಲ್ಲಿ ಪ್ರಕಟವಾದಾಗ ಎರಡೂ ಕೈ ಇದ್ದ 67 ಮಂದಿಯ ಮತ್ತು ಕೈ ಕಳೆದುಕೊಂಡ 11 ಮಂದಿಯ ಡೇಟಾ ಅದರಲ್ಲಿತ್ತು, ಸಂಶೋಧನೆಗೆ ಬಿಟ್ಟಿಯಾಗಿಯೇ ಸಿಗುತ್ತದೆ. ಆ 11 ಮಂದಿಯ ಮೇಲೆ ನಿಮ್ಮ ಪ್ರೋಗ್ರಾಂ ಓಡಿಸಿ ನೋಡಿ. ಗೆಳೆಯರ ಗಟ್ಟಿಮುಟ್ಟು ಕೈಯಲ್ಲಿ ಬರುವ ಅಂಕಕ್ಕೂ, ನಿಜಕ್ಕೂ ಬೇಕಾದವರ ಮೇಲೆ ಬರುವ ಅಂಕಕ್ಕೂ ಎಷ್ಟು ದೂರ ಅಂತ ಗೊತ್ತಾಗುತ್ತದೆ.

ಇನ್ನೊಂದು. 'ಏನೂ ಮಾಡುತ್ತಿಲ್ಲ' ಅನ್ನುವುದನ್ನೂ ಕಲಿಸಿದ್ದೀರಾ? ಐದು ಚಲನೆ ಕಲಿಸಿದ್ದೀರಿ, ಸುಮ್ನೆ ಇರುವುದನ್ನು ಕಲಿಸಿಲ್ಲ. ಅದಕ್ಕೇ ಕೈ ಸುಮ್ಮನಿದ್ದಾಗಲೂ ಐದರಲ್ಲಿ ಯಾವುದೋ ಒಂದನ್ನು ಅದು ಹೇಳಲೇಬೇಕಾಯಿತು. ದಿನದ ಬಹುಪಾಲು ನಮ್ಮ ಕೈ ಏನೂ ಮಾಡುವುದಿಲ್ಲ ಅಲ್ವಾ?

ಪ್ರಶ್ನೆ: ನಮ್ಮ ಅಪ್ಪಯ್ಯ ಮೂರು ವರ್ಷದ ಹಿಂದೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಯಿತು. ಸೊಂಟದ ಕೆಳಗೆ ಚಲನೆ ಇಲ್ಲ. ತೋಟದ ಒಂದು ಭಾಗ ಮಾರಿಯಾದರೂ ಇಂಥ ಸೂಟು ತರಿಸೋಣ ಅಂತ ನೆಂಟರು ಹೇಳುತ್ತಿದ್ದಾರೆ. (ತೀರ್ಥಹಳ್ಳಿ ಕಡೆಯ ಓದುಗರು)

ತೋಟ ಮಾರಬೇಡಿ. ಮೊದಲು ಇದನ್ನು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

ಸ್ನಾಯುವಿನ ಸಿಗ್ನಲ್ ಓದುವ ಸೂಟಿಗೆ ಸಿಗ್ನಲ್ ಬೇಕು. ಬೆನ್ನುಹುರಿ ಪೂರ್ತಿ ಕಡಿದಿದ್ದರೆ ಮಿದುಳಿನ ಅಪ್ಪಣೆ ಕಾಲಿಗೆ ಇಳಿಯುವುದೇ ಇಲ್ಲ. ಇಳಿಯದ ಅಪ್ಪಣೆಯನ್ನು ಯಾವ ಮಷೀನ್ ಲರ್ನಿಂಗೂ ಹುಡುಕಿ ಕೊಡಲಾರದು. ಎಳೆಯಷ್ಟಾದರೂ ಉಳಿದಿದ್ದರೆ ಮಾತು ಬೇರೆ. ಕಾಲ್ಬೆರಳು ಅಲುಗಿಸಲು ಹೇಳಿದಾಗ ಕಣ್ಣಿಗೆ ಕಾಣದ ಮಿಡಿತ ಇದೆಯೇ, ಗುದದ್ವಾರದ ಸುತ್ತ ಸ್ಪರ್ಶ ಗೊತ್ತಾಗುತ್ತದೆಯೇ ಅಂತ ವೈದ್ಯರು ಕ್ರಮವಾಗಿ ಪರೀಕ್ಷೆ ಮಾಡಿ, ಪೂರ್ಣ ಏಟೋ ಅಪೂರ್ಣ ಏಟೋ ಹೇಳುತ್ತಾರೆ. ನಿಮ್ಮ ಹಳೇ ಕಾಗದಗಳಲ್ಲೇ ಎ, ಬಿ, ಸಿ, ಡಿ ಎಂಬ ಒಂದು ಅಕ್ಷರ ಬರೆದಿರಬಹುದು, ಹುಡುಕಿ. ಎ ಅಂದರೆ ಪೂರ್ಣ. ಅಕ್ಷರ ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ ಇದನ್ನು ಖಚಿತ ಮಾಡಿಕೊಳ್ಳಿ.

ಸಿಗ್ನಲ್ ಇಲ್ಲದವರಿಗೂ ಸೂಟುಗಳಿವೆ, ರೀವಾಕ್ ಅಂಥದ್ದು. ಅದು ಸ್ನಾಯುವನ್ನು ಓದುವುದಿಲ್ಲ. ಮೈ ಮುಂದಕ್ಕೆ ಬಾಗಿದ್ದನ್ನು ನೋಡಿ ಹೆಜ್ಜೆ ಹಾಕುತ್ತದೆ. ಆದರೆ ಎರಡೂ ಕೈಯಲ್ಲಿ ಊರುಗೋಲು ಹಿಡಿದು ಮೈ ತೂಗಿಸುವ ಶಕ್ತಿ ಇರಬೇಕು. ವರ್ಷಗಟ್ಟಲೆ ನಿಲ್ಲದೆ ಕಾಲಿನ ಮೂಳೆ ಸವೆದಿದ್ದರೆ ತೊಡುವುದೇ ಅಪಾಯ. ನೆಲ ಸಮತಟ್ಟಾಗಿರಬೇಕು. ಮಲೆನಾಡಿನ ಮನೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಜಗಲಿಗೆ ಮೂರು ಮೆಟ್ಟಿಲು, ಪ್ರತಿ ಬಾಗಿಲಿಗೂ ಹೊಸ್ತಿಲು, ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಅದೇ ದುಡ್ಡಿನ ಒಂದು ಚೂರಿನಲ್ಲಿ ಹೊಸ್ತಿಲು ತೆಗೆಸಿ ಇಳಿಜಾರು ಮಾಡಿಸಿ. ಅಳತೆಗೆ ತಕ್ಕ ಗಾಲಿಕುರ್ಚಿ, ಹಾಸಿಗೆ ಹುಣ್ಣಾಗದಂತೆ ಒಳ್ಳೇ ದಿಂಬು, ಮೂತ್ರದ ಸೋಂಕು ಬಾರದಂತೆ ಸರಿಯಾದ ತರಬೇತಿ, ಇವು ಇವತ್ತೇ ಬೇಕಾದವು. ಅಪ್ಪಯ್ಯನವರು ತಾವೇ ಜಗಲಿಗೆ ಬಂದು ಅಡಿಕೆ ಸುಲಿಯುವವರ ಜೊತೆ ಕೂತು ಮಾತಾಡುವಂತಾದರೆ ಅದು ಸಣ್ಣದಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎರಡು ವರ್ಷ. ಬಲಗೈ ಮುಷ್ಟಿ ಬಿಗಿದುಕೊಂಡೇ ಇರುತ್ತದೆ. ಬಿಚ್ಚಲು ಇಂಥ ಯಂತ್ರ ಇದೆಯೇ? (ಮೈಸೂರು)

ಇದೆ ಅಮ್ಮ. ಅಮೆರಿಕದ ಮಯೋಮೋ ಎಂಬ ಕಂಪನಿಯ ಮಯೋಪ್ರೋ ಹಾಗೆ ತೋಳಿಗೆ ತೊಡುವಂಥದ್ದು, ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯಿಂದ ಬಂದದ್ದು. ರಟ್ಟೆಯ ಮತ್ತು ಮುಂಗೈಯ ಸಿಗ್ನಲ್ ಹಿಡಿದು ಮೊಣಕೈ ಮಡಿಸಲು, ಮುಷ್ಟಿ ಬಿಚ್ಚಲು ಮೋಟಾರಿನ ಬಲ ಕೊಡುತ್ತದೆ. ತೊಟ್ಟಾಗ ನೆರವಾಗುತ್ತದೆ ಅಷ್ಟೆ, ಲಕ್ವವನ್ನು ವಾಸಿ ಮಾಡುವುದಿಲ್ಲ.

ಲಕ್ವದ ಕೈಯಲ್ಲಿ ಸಿಗ್ನಲ್ ಇಲ್ಲದ್ದು ತೊಂದರೆಯಲ್ಲ, ಕಲಸಿಹೋದದ್ದು ತೊಂದರೆ. ಬಿಚ್ಚಬೇಕು ಅಂತ ಅವರು ಹೆಣಗಿದಷ್ಟೂ ಮುಚ್ಚುವ ಸ್ನಾಯುವೂ ಜೊತೆಗೇ ಬಿಗಿಯುತ್ತದೆ. ನೀವು ಗಮನಿಸಿರಬಹುದು, ಅವಸರ ಮಾಡಿದರೆ ಮುಷ್ಟಿ ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಒಂದೇ ಸ್ನಾಯುವನ್ನು ನೋಡುವ ಸ್ವಿಚ್ಚಿಗೆ ಗೊಂದಲ. ಹಲವು ಎಲೆಕ್ಟ್ರೋಡುಗಳ ಒಟ್ಟು ನಮೂನೆ ನೋಡಿ, ಮೇಲ್ನೋಟಕ್ಕೆ ಮುಚ್ಚುವಂತೆ ಕಂಡರೂ ಇವರು ಬಯಸಿದ್ದು ಬಿಚ್ಚಲು ಅಂತ ಪತ್ತೆ ಮಾಡುವುದರಲ್ಲಿ ಮಷೀನ್ ಲರ್ನಿಂಗ್‌ಗೆ ನಿಜವಾದ ಕೆಲಸ ಇದೆ, ಸಂಶೋಧನೆ ನಡೆಯುತ್ತಿದೆ. ಸದ್ಯಕ್ಕೆ ಕೈ ಗಂಟು ಕಟ್ಟದಂತೆ ದಿನಾ ಬಿಡಿಸಿ ಎಳೆಯುವ ವ್ಯಾಯಾಮ ನಿಲ್ಲಿಸಬೇಡಿ. ಬಿಗಿತ ಇಳಿಸುವ ಇಂಜೆಕ್ಷನ್ನುಗಳೂ ಇವೆ, ಅವರಿಗೆ ಹೊಂದುತ್ತದೆಯೇ ಅಂತ ವೈದ್ಯರನ್ನು ಕೇಳಿ.

ಪ್ರಶ್ನೆ: ಯಶವಂತಪುರ ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೆ ಇದನ್ನು ಕೊಡಬಾರದೇ? (ಬೆಂಗಳೂರು)

ಕೊಡಬಹುದಾದದ್ದು ಬೇರೆ ಇದೆ. ಕಾರ್ಖಾನೆಗಳಲ್ಲಿ ಭಾರ ಎತ್ತುವವರಿಗೆ ಅಂತ ಬಂದಿರುವ ಬಹಳಷ್ಟು ತೊಡುಗೆಗಳಲ್ಲಿ ಮೋಟಾರೂ ಇಲ್ಲ, ಇಎಂಜಿಯೂ ಇಲ್ಲ. ಸ್ಪ್ರಿಂಗು ಮತ್ತು ಎಲಾಸ್ಟಿಕ್ಕು, ಅಷ್ಟೆ. ಬೆವರಿಗೆ ಹೆದರುವುದಿಲ್ಲ, ಚಾರ್ಜ್ ಬೇಡ. ಮೆಣಸಿನಕಾಯಿ ಮೂಟೆಯ ಧೂಳಲ್ಲಿ, ಬಿಸಿಲಲ್ಲಿ ಅಂಟಿಸಿದ ಎಲೆಕ್ಟ್ರೋಡು ಅರ್ಧ ಗಂಟೆ ಇದ್ದರೆ ಹೆಚ್ಚು.

ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಸ್ವಾರಸ್ಯ ಅಡಗಿದೆ. ಸ್ನಾಯು ಜೋರಾಗಿ ಕೂಗಿದರೆ ರೋಬೋಟು ಜೋರಾಗಿ ತಳ್ಳುತ್ತದೆ. ರೋಬೋಟು ತಳ್ಳಿದರೆ ಸ್ನಾಯುವಿಗೆ ಕೆಲಸ ಕಡಿಮೆ, ಅದು ಮೆತ್ತಗಾಗುತ್ತದೆ. ಸ್ನಾಯು ಮೆತ್ತಗಾದರೆ ರೋಬೋಟೂ ಮೆತ್ತಗಾಗುತ್ತದೆ. ಹಾಗಾದರೆ ಇದು ಎಲ್ಲಿ ನಿಲ್ಲುತ್ತದೆ? ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಫೆರಿಸ್ ಮತ್ತು ಕೀತ್ ಗಾರ್ಡನ್ ಇದನ್ನೇ ನೋಡಿದರು. ಪಾದದ ಗಂಟಿಗೆ ಗಾಳಿಯಿಂದ ಉಬ್ಬುವ ಕೃತಕ ಸ್ನಾಯು ಕಟ್ಟಿ, ಅದನ್ನು ನಡೆಯುವವರ ಮೀನಖಂಡದ ಸಿಗ್ನಲ್ಲಿಗೇ ಜೋಡಿಸಿದರು. ಮೊದಮೊದಲು ಎಲ್ಲರೂ ತುದಿಗಾಲಲ್ಲಿ ಎಗರಾಡಿದರು, ಯಂತ್ರ ಜಾಸ್ತಿ ತಳ್ಳುತ್ತಿತ್ತು. ಅರ್ಧ ಗಂಟೆ ನಡೆಯುವಷ್ಟರಲ್ಲಿ ಸ್ನಾಯು ತಾನಾಗಿ ತಗ್ಗಿ ಹೊಂದಿಕೊಂಡಿತು. ಮೂರು ದಿನ ಬಿಟ್ಟು ಮತ್ತೆ ತೊಡಿಸಿದಾಗ ಇನ್ನೂ ಬೇಗ ಹೊಂದಿಕೊಂಡರು. 2007ರಲ್ಲಿ ಪ್ರಕಟವಾದ ಕೆಲಸ ಇದು. ಆ ಯಂತ್ರದಲ್ಲಿ ಮಷೀನ್ ಲರ್ನಿಂಗ್ ಇರಲೇ ಇಲ್ಲ, ಕಲಿತದ್ದೆಲ್ಲ ಮನುಷ್ಯನ ಕಾಲು! ಈಗಿನವರು ಯಂತ್ರಕ್ಕೆ ಕಲಿಸುವ ಉತ್ಸಾಹದಲ್ಲಿ ಇದನ್ನು ಮರೆಯುತ್ತಾರೆ ಅನ್ನುವುದು ನನ್ನ ತಕರಾರು. ಎರಡೂ ಕಡೆ ಒಟ್ಟೊಟ್ಟಿಗೆ ಬದಲಾದರೆ, ಕಿರಿದಾದ ಕಾರಿಡಾರಿನಲ್ಲಿ ಎದುರುಬದುರಾದ ಇಬ್ಬರು ಒಂದೇ ಕಡೆಗೆ ಸರಿದು ಸರಿದು ನಿಲ್ಲುತ್ತಾರಲ್ಲ, ಹಾಗಾಗುತ್ತದೆ.

ಪ್ರಶ್ನೆ: ಇಲ್ಲಿ ಮೆಟಾ ಕಂಪನಿಯ ಕನ್ನಡಕದ ಜೊತೆ ಕೈಪಟ್ಟಿಯೊಂದು ಬರುತ್ತಿದೆ. ಬೆರಳು ಅಲುಗಿಸಿದರೆ ಸಾಕು. ಇದೂ ಅದೇ ತಂತ್ರವೇ? (ನ್ಯೂಜೆರ್ಸಿಯಿಂದ ಕನ್ನಡಿಗರೊಬ್ಬರು)

ಅದೇ ಇಎಂಜಿ, ಮಣಿಕಟ್ಟಿನಲ್ಲಿ. ಕೆನಡಾದ ಥಾಲ್ಮಿಕ್ ಲ್ಯಾಬ್ಸ್ ಹಿಂದೆ ಮಯೋ ಎಂಬ ಎಂಟು ಸೆನ್ಸರಿನ ಪಟ್ಟಿ ಮಾರುತ್ತಿತ್ತು, ನಾವೆಲ್ಲ ಅದರಲ್ಲೇ ಆಡಿ ಬೆಳೆದವರು. 2018ರಲ್ಲಿ ಮಾರಾಟ ನಿಂತಿತು. ಫೇಸ್‌ಬುಕ್ (ಮೆಟಾ ಕಂಪನಿಯ ಆಗಿನ ಹೆಸರು) 2019ರಲ್ಲಿ ಕಂಟ್ರೋಲ್ ಲ್ಯಾಬ್ಸ್ ಎಂಬ ಕಂಪನಿಯನ್ನು ಕೊಂಡಿತು. 2025ರಲ್ಲಿ ಬಂದ ಪಟ್ಟಿ ಆ ಕೊಳ್ಳುವಿಕೆಯ ಫಲ.

ಅವರ ನಿಜವಾದ ಸಾಧನೆ ಪಟ್ಟಿಯಲ್ಲ. 2025ರ ಜುಲೈನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪ್ರಕಾರ, ಸಾವಿರಾರು ಜನರ ಡೇಟಾದಿಂದ ಕಲಿಸಿದ್ದಾರೆ. ಹಾಗಾಗಿ ಹಿಂದೆಂದೂ ನೋಡದ ಹೊಸಬರು ತೊಟ್ಟರೂ, ಅವರಿಗಾಗಿ ಮತ್ತೆ ಕಲಿಸದೆಯೇ ಕೆಲಸ ಮಾಡುತ್ತದೆ. ಗಾಳಿಯಲ್ಲಿ ಬರೆದಂತೆ ಬೆರಳಾಡಿಸಿದರೆ ನಿಮಿಷಕ್ಕೆ ಸುಮಾರು 21 ಪದ ಬರೆಯುತ್ತದೆ, ಇಂಗ್ಲಿಷಿನಲ್ಲಿ. ಹುಬ್ಬಳ್ಳಿಯ ಹುಡುಗರು ಗೆಳೆಯರ ಕೈಯಲ್ಲಿ ಕಲಿಸಿದ್ದಕ್ಕೂ ಇದಕ್ಕೂ ಇರುವ ದೂರ ಇದೇ, ಜಾಣತನಕ್ಕಿಂತ ಜಾಸ್ತಿ ಜನಸಂಖ್ಯೆಯದು. ಆದರೂ ಇದನ್ನೇ ಮಂಡಿಯ ರೋಬೋಟಿಗೆ ತಂದು ಜೋಡಿಸಲಾಗದು. ಒಂದು ಅಕ್ಷರ ತಪ್ಪಾದರೆ ಅಳಿಸಿ ಬರೆಯಬಹುದು. ಮೆಟ್ಟಿಲಿಳಿಯುವಾಗ ಮಂಡಿ ಒಂದು ಸಲ ತಪ್ಪು ತಿಳಿದರೆ ಅಳಿಸಲು ಏನೂ ಇರುವುದಿಲ್ಲ. ಅದಕ್ಕೇ ಕಾಲಿನ ರೋಬೋಟುಗಳಲ್ಲಿ ಇಎಂಜಿ ಜೊತೆಗೆ ಪಾದದ ಒತ್ತಡ, ಮಂಡಿಯ ಕೋನ ಎಲ್ಲವನ್ನೂ ನೋಡುತ್ತಾರೆ.

ಒಂದು ಕೊಂಕು ಮಾತ್ರ ನನ್ನದು. ಸ್ನಾಯುವಿನ ಸಿಗ್ನಲ್ಲಿನಲ್ಲಿ ಸನ್ನೆ ಮಾತ್ರ ಇರುವುದಿಲ್ಲ. ದಣಿವು, ನಡುಕ ಇವೂ ಕಾಣುತ್ತವೆ. ದಿನವಿಡೀ ತೊಡುವ ಪಟ್ಟಿ ಅದನ್ನೆಲ್ಲ ಎಲ್ಲಿಡುತ್ತದೆ ಅಂತ ಒಪ್ಪಿಗೆಯ ಗುಂಡಿ ಒತ್ತುವ ಮುಂಚೆ ಓದಿ ನೋಡಿ.

ಪ್ರಶ್ನೆ: ನಾನು ಏಳನೇ ಕ್ಲಾಸು. ಕಪ್ಪೆಯ ಕಾಲಿನಲ್ಲಿ ಕರೆಂಟು ಕಂಡುಹಿಡಿದ ಪಾಠ ಓದಿದೆ. ನನ್ನ ಕೈಯ ಕರೆಂಟನ್ನು ಮನೆಯಲ್ಲೇ ನೋಡಬಹುದಾ? (ಕೊಪ್ಪಳ)

ಇಟಲಿಯ ಗಾಲ್ವಾನಿ 1791ರಲ್ಲಿ ಬರೆದು ಪ್ರಕಟಿಸಿದ ವಿಷಯ ಅದು ಪುಟ್ಟಿ. ಯಂತ್ರ ಇಲ್ಲದೆ ಕರೆಂಟನ್ನು ನೋಡಲು ಆಗುವುದಿಲ್ಲ. ಆದರೆ ಸ್ನಾಯು ಕೆಲಸ ಮಾಡುವ ಸದ್ದನ್ನು ಕೇಳಬಹುದು, ಕಾಸು ಖರ್ಚಿಲ್ಲ. ರಾತ್ರಿ ಟಿವಿ, ಫ್ಯಾನು ಎಲ್ಲ ಆರಿಸಿದ ಮೇಲೆ ಎರಡೂ ಹೆಬ್ಬೆರಳನ್ನು ಎರಡೂ ಕಿವಿಗೆ ಮೆಲ್ಲಗೆ ಇಟ್ಟು ಮುಚ್ಚು. ಮೊಣಕೈ ಎರಡನ್ನೂ ಭುಜದ ಎತ್ತರಕ್ಕೆ ಎತ್ತಿ ಹಿಡಿ. ಈಗ ಉಳಿದ ಬೆರಳುಗಳನ್ನು ಮಡಿಸಿ ಮುಷ್ಟಿ ಬಿಗಿ. ದೂರದಲ್ಲಿ ಲಾರಿ ಹೋದಂತೆ ಗುಡುಗುಡು ಅಂತ ಒಂದು ಸದ್ದು ಕೇಳುತ್ತದೆ. ಮುಷ್ಟಿ ಸಡಿಲಿಸು, ಕಡಿಮೆಯಾಗುತ್ತದೆ. ಬಿಗಿದರೆ ಮತ್ತೆ ಜೋರು. ಅದು ಕರೆಂಟಿನ ಸದ್ದಲ್ಲ, ಕರೆಂಟಿನ ಅಪ್ಪಣೆಗೆ ಸ್ನಾಯುವಿನ ಎಳೆಗಳು ಅದುರುವ ಸದ್ದು. ಅಮ್ಮನಿಗೂ ಮಾಡಲು ಹೇಳು. ಇಬ್ಬರಲ್ಲಿ ಯಾರಿಗೆ ಜೋರಾಗಿ ಕೇಳಿಸಿತು ಅಂತ ಮುಂದಿನ ತಿಂಗಳು ಬರೆದು ಕಳಿಸು.